ಕೆರೆಯ ದಂಡೆಯ ಮೂರು ಗುಡಿ: ಅರಸ ಗಂಡರಾದಿತ್ಯ



ಐರ್ಲೆಂಡಿನ ಹಳೆಯ ಅರಸರ ಕಥೆಗಳು ಇಂದಿಗೂ ಉಳಿದಿರುವುದು ಅಲ್ಲಿನ ಮಠಗಳ ಸನ್ಯಾಸಿಗಳು ಅವನ್ನು ಚರ್ಮದ ಹಾಳೆಗಳ ಮೇಲೆ ಬರೆದಿಟ್ಟದ್ದರಿಂದ. ನಮ್ಮ ಕೊಲ್ಹಾಪುರದ ಅರಸರ ಕಥೆ ಉಳಿದದ್ದು ತಾಮ್ರದ ತಗಡು ಮತ್ತು ಕಲ್ಲಿನ ಮೇಲೆ. ತಾಮ್ರಕ್ಕೆ ಹಿಡಿಯುವ ಹಸಿರು ಕಿಲುಬೇ ಒಳಗಿನ ಲೋಹಕ್ಕೆ ಹೊದಿಕೆಯಾಗಿ ಅದನ್ನು ಕಾಯುತ್ತದೆ. ಹಾಗೆ ಉಳಿದುಬಂದವನು ಶಿಲಾಹಾರ ವಂಶದ ಗಂಡರಾದಿತ್ಯ.

ಇವನು ಮಾರಸಿಂಹನ ಮಗ. ಅಣ್ಣಂದಿರಾದ ಗೂವಲ, ಭೋಜ, ಬಲ್ಲಾಳರು ಆಳಿದ ಮೇಲೆ 12ನೇ ಶತಮಾನದ ಆರಂಭದಲ್ಲಿ ಪಟ್ಟಕ್ಕೆ ಬಂದ. ಶಿಲಾಹಾರರು ಕಲ್ಯಾಣದ ಚಾಲುಕ್ಯರ ಸಾಮಂತರು. ಕೊಲ್ಹಾಪುರದ ಮಹಾಲಕ್ಷ್ಮಿ ಅವರ ಆರಾಧ್ಯದೇವತೆ, ಧ್ವಜದ ಮೇಲೆ ಚಿನ್ನದ ಗರುಡ.

1110ರ ತಾಮ್ರಶಾಸನವೊಂದು ಈ ಅರಸನ ಮನಸ್ಸನ್ನು ತೋರಿಸುತ್ತದೆ. ಮಿರಜ ನಾಡಿನ ಇರುಕುಡಿಯಲ್ಲಿ ಅವನು ಗಂಡಸಮುದ್ರ ಎಂಬ ಕೆರೆ ಕಟ್ಟಿಸಿದ. ಅದರ ದಂಡೆಯಲ್ಲಿ ಶಿವನಿಗೆ, ಬುದ್ಧನಿಗೆ, ಜಿನನಿಗೆ ಗುಡಿ ಕಟ್ಟಿಸಿ, ಮೂರಕ್ಕೂ ಭೂಮಿ ಬಿಟ್ಟುಕೊಟ್ಟ. ತನ್ನ ಮನೆದೇವರಿಗಷ್ಟೇ ಕೊಟ್ಟು ಸುಮ್ಮನಾಗಲಿಲ್ಲ.

ಅವನ ಸಾಮಂತ ನಿಂಬದೇವ ಕೊಲ್ಹಾಪುರದಲ್ಲಿ ಬಸದಿ ಕಟ್ಟಿಸಿ, ಅದಕ್ಕೆ ಅರಸನ ಬಿರುದಾದ ರೂಪನಾರಾಯಣ ಎಂಬ ಹೆಸರನ್ನೇ ಇಟ್ಟ. ಅರಸನ ಕಾಲದ್ದೇ ಆದ 1135ರ ಕೊಲ್ಹಾಪುರದ ಕಲ್ಲಿನ ಶಾಸನ ಕನ್ನಡದಲ್ಲಿದೆ. ಅವನ ಮಗ ವಿಜಯಾದಿತ್ಯನ ಕಾಲದಲ್ಲಿ, ಮಂತ್ರಿಯೊಬ್ಬನ ಆಶ್ರಯದಲ್ಲಿ, ಕರ್ಣಪಾರ್ಯ ಕವಿ ಕನ್ನಡದಲ್ಲಿ ನೇಮಿನಾಥ ಪುರಾಣ ಬರೆದ.

ಇದೆಲ್ಲ ನಮಗೇಕೆ? ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜದ ನಮ್ಮ ಮಕ್ಕಳು ಶಾಲೆಯಲ್ಲಿ ಮರಾಠಿ ಕಲಿಯುತ್ತಾರೆ. ಕಲಿಯಲಿ, ಅದು ನೆರೆಮನೆಯ ಮಾತು, ಅನ್ನದ ಮಾತು. ಆದರೆ ಕನ್ನಡದಲ್ಲಿ ಪ್ರಾರ್ಥಿಸುವಾಗ ತಾವು ಹೊರಗಿನವರೆಂಬ ಅಳುಕು ಕೆಲವರಲ್ಲಿದೆ. ಸುಮಾರು 900 ವರ್ಷಗಳ ಹಿಂದೆಯೇ ಈ ಊರಿನ ಕಲ್ಲು ಕನ್ನಡದಲ್ಲಿ ಮಾತನಾಡಿದೆ ಎಂದು ಅವರಿಗೆ ತಿಳಿಸೋಣ.

ಹಾಗೆಂದು ಇದನ್ನು ಜಗಳದ ಮಾತಾಗಿಸುವುದು ಬೇಡ. ಗಂಡರಾದಿತ್ಯ ಕಲಿಸುವುದು ಬೇರೆ ಪಾಠ: ಕೆರೆ ಒಂದೇ, ಗುಡಿ ಮೂರು. ನಮ್ಮ ಧರ್ಮಪ್ರಾಂತ್ಯದಲ್ಲೂ ಮಾತು ಹಲವು, ಬಲಿಪೂಜೆ ಒಂದೇ. ದೊಡ್ಡ ಗುಂಪು ಚಿಕ್ಕ ಗುಂಪಿಗೆ ಜಾಗ ಬಿಡಬೇಕು. ಚಿಕ್ಕ ಗುಂಪು ತನ್ನ ಜಾಗವನ್ನು ಖಾಲಿ ಬಿಡಬಾರದು.

ಆದ್ದರಿಂದ ತಂದೆ ತಾಯಂದಿರೇ, ರಾತ್ರಿ ಜಪಸರದ ನಂತರ ಮಕ್ಕಳ ಕೈಗೆ ಕನ್ನಡ ಬೈಬಲ್ ಕೊಟ್ಟು ಹತ್ತು ಸಾಲು ಗಟ್ಟಿಯಾಗಿ ಓದಿಸಿ. ತಡವರಿಸಿದರೆ ತಡವರಿಸಲಿ. ಭಾನುವಾರ ವಾಚನಕ್ಕೆ ನಿಲ್ಲಲು ಅಂಥವರೇ ನಮಗೆ ಬೇಕು.