ಅಮ್ಮ ಮೇರಿ ಕ್ಯೂರಿ

ನಮ್ಮಲ್ಲಿ ಹೆಚ್ಚಿನವರಿಗೆ ಮೇರಿ ಕ್ಯೂರಿ ಅಂದ್ರೆ ಪಠ್ಯಪುಸ್ತಕದ ಒಂದು ಫೋಟೋ. ಕಪ್ಪು ಉಡುಪು, ನಗದ ಮುಖ, ಕೆಳಗೆ ಎರಡು ನೊಬೆಲ್ ಅಂತ ಒಂದು ಸಾಲು. ಕ್ವಿಜ್‌ಗೆ ಅಷ್ಟು ಸಾಕು. ಆದರೆ ಅವರಿಗೆ ಇಬ್ಬರು ಹೆಣ್ಣುಮಕ್ಕಳಿದ್ದರು ಅನ್ನೋದು ಎಷ್ಟು ಜನಕ್ಕೆ ನೆನಪಿರುತ್ತೆ? ವಿಜ್ಞಾನಿ ಮೇರಿ ಬಗ್ಗೆ ಎಲ್ಲರೂ ಬರೀತಾರೆ. ನಾವು ಈ ಸಲ ಅಮ್ಮ ಮೇರಿ ಬಗ್ಗೆ ಬರೆಯೋಣ ಅಂದುಕೊಂಡೆವು.

ಮೇರಿ ಹುಟ್ಟಿದ್ದು 1867ರ ನವೆಂಬರ್ 7ರಂದು, ಪೋಲೆಂಡಿನ ವಾರ್ಸಾದಲ್ಲಿ. ಆಗ ಆ ಊರು ರಷ್ಯಾದ ಆಳ್ವಿಕೆಯಲ್ಲಿತ್ತು. ಅಪ್ಪ ಗಣಿತ, ಭೌತಶಾಸ್ತ್ರದ ಮೇಷ್ಟ್ರು. ಅಮ್ಮ ಹೆಣ್ಣುಮಕ್ಕಳ ಶಾಲೆಯೊಂದನ್ನು ನಡೆಸಿದವರು. ಮನೆಯಲ್ಲಿ ಐದು ಮಕ್ಕಳು, ದುಡ್ಡಿಗೆ ಕಷ್ಟ. ಹಾಗಾಗಿ ಆ ತಾಯಿ ಚಪ್ಪಲಿ ಹೊಲಿಯುವ ಕೆಲಸ ಕಲಿತು, ಮಕ್ಕಳ ಬೂಟುಗಳನ್ನು ತಾವೇ ಮಾಡುತ್ತಿದ್ದರು. ಅವರಿಗೆ ಕ್ಷಯರೋಗವಿತ್ತು. ಮಕ್ಕಳಿಗೆ ಅಂಟಬಾರದು ಅಂತ ಬೇರೆ ತಟ್ಟೆಯಲ್ಲಿ ಊಟ ಮಾಡುತ್ತಿದ್ದರು, ಮಕ್ಕಳನ್ನು ಮುದ್ದಿಡುತ್ತಿರಲಿಲ್ಲ. ಕೊನೇ ಮಗಳಾದ ಮೇರಿಗೆ ಇದರ ಕಾರಣ ಅರ್ಥವಾಗುವ ವಯಸ್ಸಲ್ಲ. 1878ರಲ್ಲಿ ಅಮ್ಮ ತೀರಿಕೊಂಡಾಗ ಅವಳಿಗೆ ಹತ್ತು ವರ್ಷ.

ಆ ಅಮ್ಮ ಮಗಳಿಗೆ ಎರಡು ವಿಷಯ ಬಿಟ್ಟುಹೋದರು ಅಂತ ನಮಗೆ ಅನ್ನಿಸುತ್ತೆ. ಒಂದು, ಯಾವ ಕೈಕೆಲಸವೂ ಕೀಳಲ್ಲ ಅನ್ನೋದು. ಇನ್ನೊಂದು, ಪ್ರೀತಿಯನ್ನು ಬಾಯಿಬಿಟ್ಟು ಹೇಳದೆ ಮಾಡಿ ತೋರಿಸೋದು. ಮೇರಿ ಮುಂದೆ ತಮ್ಮ ಮಕ್ಕಳಿಗೆ ದಾಟಿಸಿದ್ದೂ ಇವೆರಡನ್ನೇ.

ಅಕ್ಕ ಬ್ರೋನ್ಯಾ ಪ್ಯಾರಿಸ್‌ನಲ್ಲಿ ಡಾಕ್ಟರ್ ಓದಲಿ ಅಂತ ಮೇರಿ ಕೆಲವು ವರ್ಷ ಶ್ರೀಮಂತರ ಮನೆಗಳಲ್ಲಿ ಮಕ್ಕಳಿಗೆ ಪಾಠ ಹೇಳಿ ದುಡ್ಡು ಕಳಿಸಿದರು. ತಾವು ಪ್ಯಾರಿಸ್ ಸೇರಿದ್ದು 1891ರಲ್ಲಿ. 1895ರಲ್ಲಿ ಪಿಯರ್ ಕ್ಯೂರಿ ಜೊತೆ ಮದುವೆ. 1897ರಲ್ಲಿ ಹಿರಿಮಗಳು ಐರೀನ್ ಹುಟ್ಟಿದಳು. ಮುಂದಿನ ವರ್ಷವೇ ಗಂಡ ಹೆಂಡತಿ ಸೇರಿ ಪೊಲೋನಿಯಂ, ರೇಡಿಯಂ ಕಂಡುಹಿಡಿದರು. ಮಗುವಿನ ತೂಕ ಎಷ್ಟಾಯ್ತು, ಹಲ್ಲು ಯಾವತ್ತು ಬಂತು ಅನ್ನೋದನ್ನೂ ಮೇರಿ ಒಂದು ನೋಟ್‌ಬುಕ್‌ನಲ್ಲಿ ತಾರೀಕು ಸಮೇತ ಬರೆದಿಡುತ್ತಿದ್ದರು. ನಮ್ಮ ಲ್ಯಾಬ್ ರೆಕಾರ್ಡ್ ಕೂಡ ಅಷ್ಟು ನೀಟಾಗಿರಲ್ಲ! ಅವರು ಲ್ಯಾಬ್‌ನಲ್ಲಿದ್ದಾಗ ಮಗುವನ್ನು ನೋಡಿಕೊಂಡವರು ಮಾವ, ಡಾಕ್ಟರ್ ಯೂಜೀನ್ ಕ್ಯೂರಿ. ಆ ತಾತ ಇಲ್ಲದಿದ್ದರೆ ರೇಡಿಯಂ ಕೆಲಸ ಅಷ್ಟು ಬೇಗ ಮುಗಿಯುತ್ತಿರಲಿಲ್ಲವೇನೋ.

1903ರಲ್ಲಿ ಮೊದಲ ನೊಬೆಲ್. 1904ರಲ್ಲಿ ಎರಡನೇ ಮಗಳು ಈವ್. 1906ರ ಏಪ್ರಿಲ್ 19ರಂದು ಪಿಯರ್ ಪ್ಯಾರಿಸ್‌ನ ರಸ್ತೆಯಲ್ಲಿ ಕುದುರೆ ಗಾಡಿಯ ಚಕ್ರಕ್ಕೆ ಸಿಕ್ಕಿ ತೀರಿಕೊಂಡರು. ಐರೀನ್‌ಗೆ ಎಂಟು ವರ್ಷ, ಈವ್ ಇನ್ನೂ ಪುಟ್ಟ ಕೂಸು. ಗಂಡ ಪಾಠ ಮಾಡುತ್ತಿದ್ದ ಜಾಗದಲ್ಲೇ ಮೇರಿ ಪಾಠ ಶುರುಮಾಡಿದರು. ಸೋರ್ಬಾನ್‌ನಲ್ಲಿ ಹಾಗೆ ಪಾಠ ಮಾಡಿದ ಮೊದಲ ಹೆಂಗಸು ಅವರೇ. ಆದರೆ ಮನೆಯಲ್ಲಿ ಮಕ್ಕಳ ಮುಂದೆ ಅಪ್ಪನ ಹೆಸರು ಎತ್ತೋಕೆ ಅವರಿಂದ ಆಗಲೇ ಇಲ್ಲ. ಅಮ್ಮನಿಂದ ಬಂದ ಆ ಮೌನ ಇಲ್ಲೂ ಮುಂದುವರಿಯಿತು. ಇದನ್ನು ನಾವು ಹೊಗಳೋಕೆ ಹೋಗಲ್ಲ. ಮಕ್ಕಳಿಗೆ ಅದು ಭಾರವೇ ಆಗಿರಬೇಕು.

ಮಾತಿನಲ್ಲಿ ಕೊಡಲಾಗದ್ದನ್ನು ಮೇರಿ ಕೆಲಸದಲ್ಲಿ ಕೊಟ್ಟರು. ಆಗಿನ ಶಾಲೆಗಳಲ್ಲಿ ಮಕ್ಕಳನ್ನು ಗಂಟೆಗಟ್ಟಲೆ ಬೆಂಚಿನ ಮೇಲೆ ಕೂರಿಸೋದು ಅವರಿಗೆ ಹಿಡಿಸಲಿಲ್ಲ. ಗೆಳೆಯರಾದ ಪ್ರೊಫೆಸರ್‌ಗಳನ್ನು ಸೇರಿಸಿ, ತಮ್ಮ ತಮ್ಮ ಮಕ್ಕಳಿಗೆ ತಾವೇ ಪಾಠ ಹೇಳೋಣ ಅಂತ ಒಪ್ಪಿಸಿದರು. ಸುಮಾರು ಹತ್ತು ಮಕ್ಕಳು. ಕೆಮಿಸ್ಟ್ರಿಗೆ ಜಾನ್ ಪೆರಾನ್, ಗಣಿತಕ್ಕೆ ಪಾಲ್ ಲಾಂಜೆವಾನ್, ಫಿಸಿಕ್ಸ್‌ಗೆ ಸ್ವತಃ ಮೇರಿ. ಎಂಥ ಫ್ಯಾಕಲ್ಟಿ ನೋಡಿ! ಸೈಕಲ್ಲಿನ ಬೇರಿಂಗ್ ಗುಂಡುಗಳನ್ನು ಇಂಕಿನಲ್ಲಿ ಅದ್ದಿ ಇಳಿಜಾರು ಹಲಗೆ ಮೇಲೆ ಉರುಳಿಸಿದರೆ ಪ್ಯಾರಾಬೋಲಾ ತಾನಾಗೇ ಮೂಡುತ್ತಿತ್ತು. ಮಕ್ಕಳು ಥರ್ಮಾಮೀಟರನ್ನೂ ತಾವೇ ಮಾಡಿಕೊಂಡರು.

ಒಂದು ದಿನ ಮೇರಿ, ಪಾತ್ರೆಯಲ್ಲಿರೋ ಬಿಸಿ ನೀರು ಆರದಂತೆ ಏನು ಮಾಡ್ತೀರಿ ಅಂತ ಕೇಳಿದರು. ಬುದ್ಧಿವಂತ ಮಕ್ಕಳು ಉಣ್ಣೆ ಸುತ್ತೋಣ, ಹಾಗೆ ಮಾಡೋಣ, ಹೀಗೆ ಮಾಡೋಣ ಅಂತ ದೊಡ್ಡ ದೊಡ್ಡ ಉಪಾಯ ಹೇಳಿದರು. ನಾನಾಗಿದ್ದರೆ ಮೊದಲು ಒಂದು ಮುಚ್ಚಳ ಮುಚ್ಚುತ್ತಿದ್ದೆ ಅಂದರು ಮೇರಿ. ನಮ್ಮ ಅಜ್ಜಿಯೂ ಅದನ್ನೇ ಹೇಳ್ತಿದ್ದರು.

ಈ ಶಾಲೆ ನಡೆದದ್ದು ಎರಡು ವರ್ಷದಷ್ಟು ಮಾತ್ರ. ಆದರೆ ಮನೆಯ ನಿಯಮಗಳು ಉಳಿದವು. ಪ್ರಯೋಗ ಮಾಡಿದ ಮೇಲೆ ಟೇಬಲ್ ಒರೆಸ್ತೀನಿ ಅನ್ನೋ ಹಾಗಿಲ್ಲ, ಗಲೀಜೇ ಮಾಡಬಾರದು. ಗುಡುಗಿಗೆ ಹೆದರಬಾರದು. ದಿನಾ ವ್ಯಾಯಾಮ ಮಾಡಬೇಕು. ಅದಕ್ಕೇ ತೋಟದಲ್ಲಿ ಹಗ್ಗ, ರಿಂಗು ಕಟ್ಟಿಸಿದ್ದರು. ಹನ್ನೊಂದು ಹನ್ನೆರಡು ವರ್ಷಕ್ಕೇ ಮಕ್ಕಳು ಒಬ್ಬೊಬ್ಬರೇ ಹೊರಗೆ ಓಡಾಡಬೇಕಿತ್ತು. ರಜೆಯಲ್ಲಿ ಐರೀನ್ ದೂರದಲ್ಲಿದ್ದರೆ ಕಾಗದದ ಜೊತೆ ಗಣಿತದ ಲೆಕ್ಕಗಳೂ ಹೋಗುತ್ತಿದ್ದವು.

1914ರಲ್ಲಿ ಮಹಾಯುದ್ಧ ಶುರುವಾಯಿತು. ಗುಂಡು ದೇಹದಲ್ಲಿ ಎಲ್ಲಿದೆ ಅಂತ ತಿಳಿಯದೆ ಸೈನಿಕರು ಸಾಯುತ್ತಿದ್ದರು. ಮೇರಿ ಕಾರುಗಳಿಗೆ ಎಕ್ಸ್‌ರೇ ಯಂತ್ರ ಕೂರಿಸಿ, ಕಾರಿನ ಇಂಜಿನ್‌ನಿಂದಲೇ ಡೈನಮೋ ಓಡಿಸಿ ಕರೆಂಟ್ ತೆಗೆದರು. ಅಂಥ 20 ಗಾಡಿ, ಆಸ್ಪತ್ರೆಗಳಲ್ಲಿ 200 ಎಕ್ಸ್‌ರೇ ಕೊಠಡಿ ಸಿದ್ಧವಾದವು. ತಾವೇ ಡ್ರೈವಿಂಗ್ ಕಲಿತರು, ಟೈರ್ ಬದಲಿಸೋದೂ ಕಲಿತರು. ಬೂಟು ಹೊಲಿದ ಅಮ್ಮನ ಮಗಳಲ್ಲವೇ! ಜೊತೆಗೆ ನಿಂತವಳು ಹದಿನೇಳರ ಐರೀನ್. ಹದಿನೆಂಟು ತುಂಬುವ ಹೊತ್ತಿಗೆ ಅವಳು ರಣರಂಗದ ಹತ್ತಿರದ ಆಸ್ಪತ್ರೆಯಲ್ಲಿ ಎಕ್ಸ್‌ರೇ ಘಟಕವನ್ನು ಒಬ್ಬಳೇ ನಡೆಸುತ್ತಿದ್ದಳು. ಅಂದರೆ ನಮಗಿಂತ ಒಂದು ವರ್ಷ ಚಿಕ್ಕವಳು.

ಇನ್ನು ಈವ್. ಅವಳಿಗೆ ವಿಜ್ಞಾನ ಬೇಡವಾಗಿತ್ತು. ಸಂಗೀತ ಬೇಕು, ಒಳ್ಳೇ ಬಟ್ಟೆ ಬೇಕು. ಅಮ್ಮನದು ಒಂದೆರಡು ಕಪ್ಪು ಉಡುಪಲ್ಲೇ ಬದುಕು! ಎರಡು ನೊಬೆಲ್ ಪಡೆದ ಅಮ್ಮ ಒತ್ತಾಯ ಮಾಡಬಹುದಿತ್ತು, ಮಾಡಲಿಲ್ಲ. ಪಿಯಾನೋ ಕಲಿಸಿದರು. ಹಿರಿಮಗಳು ಲ್ಯಾಬ್‌ಗೆ, ಕಿರಿಮಗಳು ಪಿಯಾನೋ ಮುಂದೆ. ಇಬ್ಬರಿಗೂ ಒಂದೇ ಸಿಲೆಬಸ್ ಹಾಕಲಿಲ್ಲ.

ಐರೀನ್ ಗಂಡ ಫ್ರೆಡರಿಕ್ ಜೊತೆ ಕೃತಕ ರೇಡಿಯೋ ಆಕ್ಟಿವಿಟಿ ಕಂಡುಹಿಡಿದರು. 1934ರ ಶುರುವಿನಲ್ಲಿ ಮೇರಿ ಅದನ್ನು ಕಣ್ಣಾರೆ ನೋಡಿದರು. ಅದೇ ಜುಲೈ 4ರಂದು ತೀರಿಕೊಂಡರು. ಮಗಳಿಗೆ ನೊಬೆಲ್ ಬಂದದ್ದು 1935ರಲ್ಲಿ. ತಾಯಿಯ ರಕ್ತ ಹಾಳಾಗಿತ್ತು, ವಿಕಿರಣವೇ ಕಾರಣ ಅಂದರು. 1956ರಲ್ಲಿ ಐರೀನ್ ಹೋದದ್ದೂ ರಕ್ತದ ಕ್ಯಾನ್ಸರ್‌ನಿಂದ. ಧೈರ್ಯದ ಜೊತೆ ಅಪಾಯವನ್ನೂ ಆ ಅಮ್ಮ ಮಗಳ ಕೈಗೆ ಕೊಟ್ಟಿದ್ದರು. ಇದನ್ನು ಬಿಟ್ಟು ಕಥೆ ಹೇಳಿದರೆ ತಪ್ಪಾಗುತ್ತೆ.

ಕೊನೇ ದಿನಗಳಲ್ಲಿ ಅಮ್ಮನ ಹಾಸಿಗೆ ಪಕ್ಕ ಕೂತು ನೋಡಿಕೊಂಡವರು ವಿಜ್ಞಾನ ಓದದ ಈವ್. 1937ರಲ್ಲಿ ಅಮ್ಮನ ಜೀವನಚರಿತ್ರೆ ಬರೆದವರೂ ಅವರೇ. ಮುಂದೆ ಯುದ್ಧ ವರದಿಗಾರ್ತಿಯಾಗಿ 1942ರಲ್ಲಿ ಭಾರತಕ್ಕೂ ಬಂದು ಗಾಂಧೀಜಿ, ನೆಹರೂ ಅವರನ್ನು ಕಂಡರು. ಬದುಕಿದ್ದು 102 ವರ್ಷ. ಆ ಬೂಟು, ಆ ಮುಚ್ಚಳ, ಆ ಮೌನ ಎಲ್ಲ ನಮಗೆ ತಿಳಿದದ್ದು ಅವರ ಪುಸ್ತಕದಿಂದ. ಅಮ್ಮ ಬಾಯಿಬಿಟ್ಟು ಹೇಳದ್ದನ್ನು ಮಗಳು ಬರೆದಿಟ್ಟರು.

ನಮ್ಮಲ್ಲಿ ಕೆಲವರು ಐರೀನ್ ಥರ, ಇಷ್ಟಪಟ್ಟೇ ಇಂಜಿನಿಯರಿಂಗ್‌ಗೆ ಬಂದವರು. ಕೆಲವರು ಈವ್ ಥರ, ಮನಸ್ಸು ಬೇರೆಲ್ಲೋ ಇಟ್ಟು ಇಲ್ಲಿ ಕೂತವರು. ಎರಡನೇ ಗುಂಪಿನವರು ಅದನ್ನು ಮನೆಯಲ್ಲಿ ಹೇಳಿರೋದು ಕಡಿಮೆ. ನಮ್ಮ ಅಮ್ಮಂದಿರೂ ಅವರ ಕಥೆಯನ್ನು ನಮಗೆ ಪೂರ್ತಿ ಹೇಳಿಲ್ಲ. ಊಟ ಆಯ್ತಾ ಅನ್ನೋ ಒಂದೇ ಪ್ರಶ್ನೆಯಲ್ಲಿ ಎಲ್ಲ ಮುಗಿಸ್ತಾರೆ. ಇವತ್ತು ಫೋನ್ ಬಂದಾಗ, ಆಯ್ತು ಅಂದ ಮೇಲೆ ಇನ್ನೊಂದೈದು ನಿಮಿಷ ಇಡದೆ ಮಾತಾಡೋಣ.