ಪೀಣ್ಯದ ಶೆಡ್ಡಿನಿಂದ ಪರಮಾಣು ಗಡಿಯಾರದವರೆಗೆ: ಸತೀಶ್ ಧವನ್

ಮಾಗಡಿ ರಸ್ತೆಯ ಕಾಮಾಕ್ಷಿಪಾಳ್ಯದ ಸಣ್ಣ ಕಾರ್ಖಾನೆಗಳು ಬೆಂಗಳೂರಿಗರಿಗೆ ಚಿರಪರಿಚಿತ. ಅಲ್ಲಿಂದ ಕೆಲವೇ ಕಿಲೋಮೀಟರ್ ಉತ್ತರಕ್ಕಿರುವ ಪೀಣ್ಯದಲ್ಲಿ ಅಂಥದ್ದೇ ಕೈಗಾರಿಕಾ ಶೆಡ್ಡುಗಳೊಳಗೆ ಭಾರತದ ಮೊದಲ ಉಪಗ್ರಹ 'ಆರ್ಯಭಟ' ರೂಪುಗೊಂಡಿತು. ಆಗ ಇಸ್ರೋ ಚುಕ್ಕಾಣಿ ಹಿಡಿದಿದ್ದವರು ಸತೀಶ್ ಧವನ್.

1920ರ ಸೆಪ್ಟೆಂಬರ್ 25ರಂದು ಶ್ರೀನಗರದಲ್ಲಿ ಜನಿಸಿದ ಧವನ್, ವಿಜ್ಞಾನ ಮತ್ತು ಎಂಜಿನಿಯರಿಂಗ್ ಜತೆಗೆ ಇಂಗ್ಲಿಷ್ ಸಾಹಿತ್ಯದಲ್ಲೂ ಪದವಿ ಪಡೆದವರು. ಅಮೆರಿಕದ ಕ್ಯಾಲ್ಟೆಕ್‌ನಲ್ಲಿ ಡಾಕ್ಟರೇಟ್ ಗಳಿಸಿ 1951ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ಹರಿಯುವ ಗಾಳಿ ಮೇಲ್ಮೈಯನ್ನು ಸವರಿಕೊಂಡು ಹೋಗುವಾಗ ಉಂಟಾಗುವ ಅತಿ ಸಣ್ಣ ಘರ್ಷಣೆಯನ್ನು ನೇರವಾಗಿ ಅಳೆಯುವುದು ಅವರ ಸಂಶೋಧನೆಯಾಗಿತ್ತು. ಕರಾರುವಾಕ್ಕಾದ ಅಳತೆಯ ಮೇಲಿನ ಅವರ ಹಟ ಅಲ್ಲಿಂದಲೇ ಬಂದಿರಬೇಕು.

1971ರ ಕೊನೆಯಲ್ಲಿ ವಿಕ್ರಮ್ ಸಾರಾಭಾಯಿ ನಿಧನರಾದಾಗ ಪ್ರಧಾನಿ ಇಂದಿರಾ ಗಾಂಧಿ ಧವನ್ ಅವರಿಗೆ ಕರೆ ಕಳುಹಿಸಿದರು. ಧವನ್ ಷರತ್ತು ಮುಂದಿಟ್ಟರು. ವಿಜ್ಞಾನ ಸಂಸ್ಥೆಯ ನಿರ್ದೇಶಕ ಹುದ್ದೆಯನ್ನು ಬಿಡುವುದಿಲ್ಲ, ಬಾಹ್ಯಾಕಾಶ ಕಾರ್ಯಕ್ರಮದ ಕೇಂದ್ರ ಕಚೇರಿ ಬೆಂಗಳೂರಿನಲ್ಲೇ ಇರಬೇಕು. ಎರಡಕ್ಕೂ ಒಪ್ಪಿಗೆ ದೊರೆಯಿತು. ಈ ನಗರದ ಇಂದಿನ ಬಾಹ್ಯಾಕಾಶ ವೈಭವಕ್ಕೆ ಆ ಷರತ್ತೇ ಬುನಾದಿ ಎಂದರೆ ಅತಿಶಯೋಕ್ತಿಯಲ್ಲ.

ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್ ಅವರ ತಂಡ ಕಟ್ಟಿದ 360 ಕಿಲೋ ತೂಕದ ಆರ್ಯಭಟ, 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಏರಿತು. ಅದರ ಸಂಕೇತ ಸ್ವೀಕರಿಸಲು ಬೆಂಗಳೂರಿನಲ್ಲಿ ಶೌಚಾಲಯವೊಂದನ್ನೇ ಕೇಂದ್ರವಾಗಿ ಮಾರ್ಪಡಿಸಲಾಗಿತ್ತು! ಐದನೇ ದಿನಕ್ಕೆ ವಿದ್ಯುತ್ ವ್ಯವಸ್ಥೆ ಕೈಕೊಟ್ಟು ಪ್ರಯೋಗಗಳು ನಿಂತವು. 1979ರ ಆಗಸ್ಟ್ 10ರಂದು ಎಸ್‌ಎಲ್‌ವಿ-3 ರಾಕೆಟ್ ಸಮುದ್ರಕ್ಕೆ ಬಿದ್ದಾಗ ಪತ್ರಕರ್ತರನ್ನು ಎದುರಿಸಿದ್ದು ಧವನ್. ಮರುವರ್ಷ ಅದು ಗೆದ್ದಾಗ ಯೋಜನಾ ನಿರ್ದೇಶಕ ಅಬ್ದುಲ್ ಕಲಾಂ ಅವರನ್ನು ಮುಂದೆ ಬಿಟ್ಟು ತಾವು ಹಿಂದೆ ಸರಿದರು.

ಅವರ ಅವಧಿಯ ನಿಜವಾದ ಅಗ್ನಿಪರೀಕ್ಷೆ 'ಆಪಲ್'. ಭೂಮಿಯ ಒಂದೇ ತಾಣದ ಮೇಲೆ ನಿಂತಂತೆ ಕಾಣುವ ಕಕ್ಷೆ ಸೇರಿ, ಆಂಟೆನಾವನ್ನು ಸದಾ ಇತ್ತ ಮುಖಮಾಡಿಸಿಕೊಂಡರೆ ಮಾತ್ರ ರೇಡಿಯೋ ಸಂಕೇತ ನಂಬಲರ್ಹ. ಅದನ್ನು ಕಲಿಸಿದ ಉಪಗ್ರಹವಿದು. ಲೋಹವು ಸಂಕೇತಕ್ಕೆ ಅಡ್ಡಿಯಾಗಬಾರದೆಂದು ಅದನ್ನು ಎತ್ತಿನ ಗಾಡಿಯ ಮೇಲಿಟ್ಟು ಆಂಟೆನಾ ಪರೀಕ್ಷೆ ನಡೆಸಿದ ಚಿತ್ರ ಜಗತ್ಪ್ರಸಿದ್ಧ. ಬಡತನದ ಗುರುತೆಂದು ನಕ್ಕವರಿಗೆ ಅದರ ಹಿಂದಿನ ತರ್ಕ ಹೊಳೆಯಲಿಲ್ಲ. 1981ರ ಜೂನ್ 19ರಂದು ಐರೋಪ್ಯ ಏರಿಯಾನ್ ರಾಕೆಟ್‌ನಲ್ಲಿ ಹಾರಿದ ಆಪಲ್‌ನ ಒಂದು ಸೌರಫಲಕ ಬಿಚ್ಚಿಕೊಳ್ಳಲೇ ಇಲ್ಲ. ಆದರೂ ಅದು ಸುಮಾರು 27 ತಿಂಗಳು ದುಡಿಯಿತು.

1984ರಲ್ಲಿ ಇಸ್ರೋ ಅಧ್ಯಕ್ಷತೆ ಬಿಟ್ಟ ಧವನ್, ಹಕ್ಕಿಗಳ ಹಾರಾಟದ ಬಗ್ಗೆ ಪುಸ್ತಕ ಬರೆದರು. 2002ರ ಜನವರಿ 3ರಂದು ಬೆಂಗಳೂರಿನಲ್ಲಿ ಅಸ್ತಂಗತರಾದರು. ಅದೇ ವರ್ಷ ಶ್ರೀಹರಿಕೋಟಾ ಉಡಾವಣಾ ಕೇಂದ್ರಕ್ಕೆ ಅವರ ಹೆಸರಿಡಲಾಯಿತು.

ಸ್ವದೇಶಿ ಪಥದರ್ಶಕ ವ್ಯವಸ್ಥೆ 'ನಾವಿಕ್'ನ ಮೊದಲ ಉಪಗ್ರಹ 2013ರ ಜುಲೈನಲ್ಲಿ ಹಾರಿದ್ದು ಅಲ್ಲಿಂದಲೇ. ಅದರ ಉಪಗ್ರಹಗಳೂ ಆಪಲ್‌ನಂತೆ ಭೂಮಿಯ ಪರಿಭ್ರಮಣದೊಂದಿಗೆ ಹೆಜ್ಜೆ ಹಾಕುವ ಎತ್ತರದ ಕಕ್ಷೆಯವು. ಗಡಿಯಾರ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ ತಪ್ಪಿದರೂ ದೂರದ ಲೆಕ್ಕ 300 ಮೀಟರ್ ತಪ್ಪುತ್ತದೆ. ಆ ಮೊದಲ ಉಪಗ್ರಹದ ಮೂರೂ ವಿದೇಶಿ ಪರಮಾಣು ಗಡಿಯಾರಗಳು ಕೆಟ್ಟು ನಿಂತವು. ಭಾರತದಲ್ಲೇ ತಯಾರಾದ ರುಬಿಡಿಯಂ ಗಡಿಯಾರ ಹೊತ್ತ ಎನ್‌ವಿಎಸ್-01, 2023ರ ಮೇ 29ರಂದು ಧವನ್ ಹೆಸರಿನ ಕೇಂದ್ರದಿಂದ ಮೇಲೇರಿತು.