ಮರದ ಮಾರುತ

1959ರಲ್ಲಿ ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಯಿಂದ ಒಂದು ವಿಚಿತ್ರ ವಿಮಾನವು ಆಕಾಶಕ್ಕೇರಿತು. ಆಕಾರದಲ್ಲಿ ಅದು ಜೆಟ್ ಯುದ್ಧವಿಮಾನ, ಅಳತೆಯಲ್ಲಿಯೂ ಅಷ್ಟೆ. ಆದರೆ ಮೈಯೆಲ್ಲ ಮರ. ಒಡಲಲ್ಲಿ ಎಂಜಿನ್ನೇ ಇಲ್ಲ. ಡಕೋಟ ವಿಮಾನವೊಂದು ಅದನ್ನು ಹಗ್ಗದಿಂದ ಎಳೆದುಕೊಂಡು ಹೋಗಿ ಮೇಲೆ ಬಿಟ್ಟುಬಿಡುತ್ತಿತ್ತು. ಈ ಮರದ ಪ್ರತಿರೂಪದ ಹಿಂದಿದ್ದ ಶಿಲ್ಪಿ ಜರ್ಮನಿಯ ಕುರ್ಟ್ ಟ್ಯಾಂಕ್.

ಆತ ಹುಟ್ಟಿದ್ದು 1898ರಲ್ಲಿ, ಈಗ ಪೋಲೆಂಡಿಗೆ ಸೇರಿರುವ ಬ್ರೊಂಬೆರ್ಗ್ ಎಂಬ ಊರಿನಲ್ಲಿ. ಮೊದಲನೆಯ ಮಹಾಯುದ್ಧದಲ್ಲಿ ಅಶ್ವದಳದ ಸೈನಿಕ. ಅನಂತರ ಬರ್ಲಿನ್ನಿನಲ್ಲಿ ತಾಂತ್ರಿಕ ವಿದ್ಯೆಯ ವಿದ್ಯಾರ್ಥಿ. 1931ರಲ್ಲಿ ಫೋಕೆ-ವುಲ್ಫ್ ಸಂಸ್ಥೆಯನ್ನು ಸೇರಿದ. ತಾನು ಹೊಲಿದ ಅಂಗಿಯನ್ನು ತಾನೇ ತೊಟ್ಟು ನೋಡುವ ದರ್ಜಿಯಂತೆ, ತಾನು ರಚಿಸಿದ ವಿಮಾನಗಳನ್ನು ತಾನೇ ಹಾರಿಸಿ ನೋಡುವುದು ಆತನ ಪದ್ಧತಿ. ಆತನ ಕಾಂಡರ್ ವಿಮಾನ 1938ರಲ್ಲಿ ಬರ್ಲಿನ್ನಿನಿಂದ ನ್ಯೂಯಾರ್ಕಿಗೆ ಎಲ್ಲಿಯೂ ಇಳಿಯದೆ ಹಾರಿತು. ಮರುವರ್ಷ ಹಾರಿದ ಎಫ್‌ಡಬ್ಲ್ಯೂ-190 ಯುದ್ಧವಿಮಾನಗಳು ಇಪ್ಪತ್ತು ಸಾವಿರದಷ್ಟು ತಯಾರಾದವು. ಈ ಪ್ರತಿಭೆಯೆಲ್ಲ ದುಡಿದದ್ದು ಹಿಟ್ಲರನ ಯುದ್ಧಕ್ಕೆ ಎಂಬುದನ್ನು ಮರೆಸಿ ಆತನ ಕಥೆಯನ್ನು ಹೇಳುವುದು ನ್ಯಾಯವಲ್ಲ.

ಸೋತ ಜರ್ಮನಿಯಲ್ಲಿ ವಿಮಾನ ನಿರ್ಮಾಣಕ್ಕೆ ನಿಷೇಧ ಬಿತ್ತು. ಟ್ಯಾಂಕ್ ಪೆದ್ರೋ ಮಾಥೀಸ್ ಎಂಬ ಸುಳ್ಳು ಹೆಸರಿನಲ್ಲಿ ಅರ್ಜೆಂಟೀನಕ್ಕೆ ಹೋದ. ಕಾರ್ಡೋಬ ನಗರದಲ್ಲಿ ಪುಲ್ಕಿ-2 ಎಂಬ ಜೆಟ್ ವಿಮಾನವನ್ನು ಕಟ್ಟಿದ; ಅಲ್ಲಿಯೂ ಮೊದಲು ಹಾರಿದವು ಎಂಜಿನ್ನಿಲ್ಲದ ಪ್ರತಿರೂಪಗಳೇ. 1951ರಲ್ಲಿ ಅಧ್ಯಕ್ಷ ಪೆರೋನನ ಮುಂದೆ ಆ ವಿಮಾನವನ್ನು ತಾನೇ ಹಾರಿಸಿ ತೋರಿಸಿದ. ಮುಂದೆ ಅದರ ಪರೀಕ್ಷೆಗಳಲ್ಲಿ ಇಬ್ಬರು ಚಾಲಕರು ಮಡಿದರು. 1955ರಲ್ಲಿ ಪೆರೋನನೂ ಪದಚ್ಯುತನಾದ. ಆಶ್ರಯ ತಪ್ಪಿದ ಶಿಲ್ಪಿಯನ್ನು ನೆಹರೂ ಸರ್ಕಾರ 1956ರಲ್ಲಿ ಬೆಂಗಳೂರಿಗೆ ಬರಮಾಡಿಕೊಂಡಿತು.

ವಾಯುಪಡೆಗೆ ಬೇಕಾಗಿದ್ದುದು ಶಬ್ದದ ಎರಡರಷ್ಟು ವೇಗದ ವಿಮಾನ. ಅಂಥದನ್ನು ಎಂದೂ ಕಟ್ಟದ ದೇಶದಲ್ಲಿ, ಸಹಾಯಕ ಮಿಟ್ಟೆಲ್‌ಹ್ಯೂಬರ್ ಮೊದಲಾದ ಜರ್ಮನರೊಡನೆಯೂ ಭಾರತೀಯ ತರುಣರೊಡನೆಯೂ ಟ್ಯಾಂಕ್ ಕೆಲಸಕ್ಕೆ ತೊಡಗಿದ. ಲೋಹಕ್ಕೆ ಮೊದಲು ಮರವೇಕೆ? ದೇವರಾಯನದುರ್ಗದ ನೆತ್ತಿಯಲ್ಲಿ ನಿಂತು, ಕೆಳಗಿನ ಕಾಡಿನ ಮೇಲೆ ರೆಕ್ಕೆ ಬಡಿಯದೆ ತೇಲುವ ಹದ್ದನ್ನು ನೋಡಿದವರಿಗೆ ಉತ್ತರ ಸುಲಭ. ಬಲವನ್ನು ಕಳೆದ ಮೇಲೆ ಉಳಿಯುವುದು ರೂಪದ ಗುಣವೊಂದೇ. ಹಿಂದಕ್ಕೆ ಬಾಗಿದ ಆ ರೆಕ್ಕೆ ನಿಧಾನಗತಿಯಲ್ಲಿ ಹೇಗೆ ವರ್ತಿಸುತ್ತದೆ, ಚುಕ್ಕಾಣಿಯ ಮಾತನ್ನು ವಿಮಾನ ಕೇಳುತ್ತದೆಯೇ, ನೆಲಕ್ಕಿಳಿಯುವಾಗ ಹೇಗಿರುತ್ತದೆ ಎಂಬುದನ್ನೆಲ್ಲ ಅಗ್ಗವಾಗಿ, ಬೇಗನೆ ತಿಳಿಯುವ ಉಪಾಯವಿದು. ಅಗ್ಗವೆಂದೆ, ಒಳಗೆ ಕುಳಿತ ಚಾಲಕನ ಪ್ರಾಣವನ್ನು ಬಿಟ್ಟು! ಎಂಜಿನ್ನಿಲ್ಲದ ವಿಮಾನಕ್ಕೆ ಇಳಿಯಲು ದೊರೆಯುವ ಅವಕಾಶ ಒಂದೇ. ಹತ್ತಾರು ಹಾರಾಟಗಳಾದ ಮೇಲೆ, ಇಳಿಯುವಾಗ ಮೂತಿಯ ಗಾಲಿ ಹೊರಬಾರದೆ ಅದು ಜಖಂಗೊಂಡಿತು. ಅಷ್ಟರಲ್ಲಿ ಕಲಿಸಬೇಕಾದುದನ್ನು ಕಲಿಸಿತ್ತು.

1961ರ ಜೂನ್‌ನಲ್ಲಿ ಸುರಂಜನ್ ದಾಸ್ ಅವರು ಲೋಹದ ವಿಮಾನವನ್ನು ಹಾರಿಸಿದರು. ಅದೇ ಎಚ್‌ಎಫ್-24, ಮಾರುತ. ಆದರೆ ಅದಕ್ಕೆಂದು ನೆಚ್ಚಿಕೊಂಡಿದ್ದ ಬ್ರಿಟಿಷ್ ಎಂಜಿನ್ನಾದ ಆರ್ಫಿಯಸ್-12ರ ವೆಚ್ಚವನ್ನು ಹೊರುವವರಿಲ್ಲದೆ ಆ ಕೆಲಸವೇ ನಿಂತುಹೋಗಿತ್ತು. ಕಡಿಮೆ ಬಲದ ಆರ್ಫಿಯಸ್ ಎಂಜಿನ್ನುಗಳೆರಡನ್ನು ಜೋಡಿಸಿ ತೃಪ್ತಿಪಡಬೇಕಾಯಿತು. ಶಬ್ದದ ಎರಡರಷ್ಟು ವೇಗಕ್ಕೆಂದು ಕಡೆದ ಆ ದೇಹ ಶಬ್ದದ ವೇಗದ ಆಸುಪಾಸಿನಲ್ಲಿಯೇ ತಡೆದು ನಿಂತಿತು. ನನ್ನ ಮಟ್ಟಿಗೆ ಟ್ಯಾಂಕನ ಬೆಂಗಳೂರಿನ ಬದುಕಿನ ದುಃಖವೆಲ್ಲ ಇಲ್ಲಿದೆ: ಎಂಜಿನ್ನೇ ಇಲ್ಲದಾಗ ಚೆನ್ನಾಗಿ ತೇಲಿದ್ದ ರೂಪಕ್ಕೆ ತಕ್ಕ ಎಂಜಿನ್ ಎಂದಿಗೂ ದೊರೆಯಲಿಲ್ಲ.

1967ರಲ್ಲಿ ಮಾರುತ ವಾಯುಪಡೆಯನ್ನು ಸೇರಿತು. ಆ ದಶಕ ಮುಗಿಯುವ ಮುನ್ನವೇ ಟ್ಯಾಂಕ್ ಸ್ವದೇಶಕ್ಕೆ ಮರಳಿದ. ಎಂಜಿನ್ನಿನ ಬಲವನ್ನು ಹೆಚ್ಚಿಸುವ ಪ್ರಯತ್ನ ಮಾತ್ರ ನಡೆದೇ ಇತ್ತು. ಅಂಥದೊಂದು ಮಾರುತವನ್ನು ಪರೀಕ್ಷಿಸುತ್ತ 1970ರ ಜನವರಿ 10ರಂದು ಸುರಂಜನ್ ದಾಸ್ ಬೆಂಗಳೂರಿನಲ್ಲಿಯೇ ಮಡಿದರು. ಮರುವರ್ಷದ ಯುದ್ಧದಲ್ಲಿ ಮಾರುತಗಳು ರಾಜಸ್ಥಾನದ ಮರುಭೂಮಿಯ ಮೇಲೆ ಹಾರಿ ಸೈನ್ಯಕ್ಕೆ ನೆರವಾದವು. ಒಟ್ಟು ತಯಾರಾದುವು 147.

ಟ್ಯಾಂಕ್ 1983ರ ಜೂನ್ 5ರಂದು ಮ್ಯೂನಿಕ್ಕಿನಲ್ಲಿ ತೀರಿಕೊಂಡ. ಮಾರುತಗಳಲ್ಲಿ ಕೆಲವು ಆಗಿನ್ನೂ ಹಾರುತ್ತಿದ್ದುವು.